ಬರಿಗಾಲಲ್ಲಿ ಬಂದ ಧರ್ಮಗುರು: ಕೆನರಾ ಕರಾವಳಿಯಲ್ಲಿ ಸಂತ ಜೋಸೆಫ್ ವಾಜ್

ಬಂಟ್ವಾಳ: ಕೊಲಂಬೊ ನಗರದ ಕಡಲತೀರದಲ್ಲಿರುವ ಗಾಲ್ ಫೇಸ್ ಮೈದಾನದಲ್ಲಿ 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಅವರು ಜೋಸೆಫ್ ವಾಜ್ ಎಂಬ ಧರ್ಮಗುರುಗಳನ್ನು ಸಂತರೆಂದು ಘೋಷಿಸಿದರು. ಶ್ರೀಲಂಕಾಕ್ಕೆ ದೊರೆತ ಮೊದಲ ಸಂತ ಅವರು. ಅವರು ತೀರಿಹೋಗಿ ಆಗ 304 ವರ್ಷಗಳು ಸಂದಿದ್ದವು. ಹುಟ್ಟಿದ್ದು ಗೋವೆಯಲ್ಲಿ, ಮಣ್ಣಾದದ್ದು ಸಿಂಹಳದ ಬೆಟ್ಟಗಳ ನಡುವಿನ ಕ್ಯಾಂಡಿಯಲ್ಲಿ. ಆದರೆ ಈ ಎರಡು ಊರುಗಳ ನಡುವೆ ಅವರ ಬದುಕಿನ ಮೂರು ನಿರ್ಣಾಯಕ ವರ್ಷಗಳು ಕಳೆದದ್ದು ನಮ್ಮ ಕನ್ನಡ ಕರಾವಳಿಯಲ್ಲಿ ಎಂಬ ಸಂಗತಿ ದಕ್ಷಿಣ ಕನ್ನಡದ ಆಚೆ ಹೆಚ್ಚು ಜನರಿಗೆ ತಿಳಿದಿಲ್ಲ.

1681ರಿಂದ 1684ರವರೆಗೆ ಹೊನ್ನಾವರದಿಂದ ಮಂಗಳೂರಿನವರೆಗಿನ ಊರುಗಳಲ್ಲಿ ಅವರು ಓಡಾಡಿದರು. ಬೆನ್ನ ಹಿಂದೆ ಸೈನ್ಯವಿರಲಿಲ್ಲ, ಕೈಯಲ್ಲಿ ಖಜಾನೆ ಇರಲಿಲ್ಲ. ಆಳುತ್ತಿದ್ದವರು ಕೆಳದಿಯ ವೀರಶೈವ ರಾಣಿ. ಸುತ್ತ ಇದ್ದವರು ಜೈನ ಅರಸರು, ಬಂಟರು, ಬಿಲ್ಲವರು, ಮೊಗವೀರರು, ಬ್ಯಾರಿಗಳು. ಅವರು ಯಾರ ಸೇವೆಗಾಗಿ ಬಂದಿದ್ದರೋ ಆ ಕ್ರೈಸ್ತರೇ ಎರಡು ಬಣಗಳಾಗಿ ಒಡೆದು ನಿಂತಿದ್ದರು. ಅಧಿಕಾರದ ಆಸರೆಯಿಲ್ಲದೆ ಒಬ್ಬ ಧರ್ಮಗುರು ಜನರ ನಡುವೆ ಹೇಗೆ ಬಾಳಬಹುದು ಎಂಬ ಪಾಠವನ್ನು ವಾಜ್ ಅವರು ಮೊದಲು ಕಲಿತದ್ದು ಇಲ್ಲಿ. ಮುಂದೆ ಸಿಂಹಳದಲ್ಲಿ 24 ವರ್ಷ ಅವರನ್ನು ಕಾಪಾಡಿದ್ದು ಇದೇ ಪಾಠ.

ಬೆನಾವ್ಲಿಯ ಬಾಲಕ

ಜೋಸೆಫ್ ವಾಜ್ ಅವರು ಹುಟ್ಟಿದ್ದು 1651ರ ಏಪ್ರಿಲ್ 21ರಂದು, ದಕ್ಷಿಣ ಗೋವೆಯ ಬೆನಾವ್ಲಿಯಲ್ಲಿದ್ದ ತಾಯಿಯ ತವರುಮನೆಯಲ್ಲಿ. ತಂದೆ ಕ್ರಿಸ್ತೋವಾಂವ್ ವಾಜ್ ಅವರ ಊರು ಸಾಂಕ್ವಾಳ. ತಾಯಿ ಮರಿಯಾ ದೆ ಮಿರಾಂದ. ಕ್ರೈಸ್ತ ಮತಕ್ಕೆ ಸೇರಿದ್ದ ಕೊಂಕಣಿ ಬ್ರಾಹ್ಮಣ ಮನೆತನ ಅವರದು. ಮನೆಯ ಮಾತು ಕೊಂಕಣಿ, ಶಾಲೆಯ ಮಾತು ಪೋರ್ಚುಗೀಸ್, ದೇವಾಲಯದ ಮಾತು ಲ್ಯಾಟಿನ್. ಮೂರೂ ಭಾಷೆಗಳು ಬಾಲ್ಯದಿಂದಲೇ ಅವರಿಗೆ ಒಲಿದವು.

ಸಾಂಕ್ವಾಳ ಹಾಗೂ ಬೆನಾವ್ಲಿಯಲ್ಲಿ ಆರಂಭದ ವಿದ್ಯಾಭ್ಯಾಸ ಮುಗಿಸಿದ ಬಳಿಕ ಅವರು ಗೋವಾ ನಗರಕ್ಕೆ ಹೋದರು. ಅಲ್ಲಿ ಜೆಸುಯಿಟರ ಸಂತ ಪೌಲರ ಕಾಲೇಜಿನಲ್ಲಿಯೂ ದೊಮಿನಿಕನ್ ಸಂನ್ಯಾಸಿಗಳ ಸಂತ ಥಾಮಸ್ ಅಕ್ವಿನಾಸ್ ವಿದ್ಯಾಲಯದಲ್ಲಿಯೂ ಓದಿ 1676ರಲ್ಲಿ ಗುರುದೀಕ್ಷೆ ಪಡೆದರು. ದೀಕ್ಷೆಯಾದ ಮೇಲೆ ಅವರು ಪಾದರಕ್ಷೆ ತೊರೆದರು. ಊರಿನ ಬಡವರು ಬರಿಗಾಲಲ್ಲಿ ನಡೆಯುವಾಗ ತಾನು ಮಾತ್ರ ಬೂಟು ಧರಿಸುವುದು ತರವಲ್ಲ ಎಂಬುದು ಅವರ ನಿಲುವಾಗಿತ್ತು. ಸಾಂಕ್ವಾಳದಲ್ಲಿ ಒಂದು ಲ್ಯಾಟಿನ್ ಶಾಲೆ ತೆರೆದು, ಗುರುಗಳಾಗಲು ಬಯಸುವ ಊರಿನ ಹುಡುಗರಿಗೆ ಪಾಠ ಹೇಳಿದರು.

ಅಂದಿನ ಗೋವೆಯ ಧರ್ಮಸಭೆಯಲ್ಲಿ ಸ್ಥಳೀಯ ಗುರುಗಳ ಸ್ಥಾನಮಾನ ಕೆಳಮಟ್ಟದ್ದು. ಯುರೋಪಿನಿಂದ ಬಂದ ಸಂನ್ಯಾಸಿ ಸಂಘಗಳು ಸಾಮಾನ್ಯವಾಗಿ ಭಾರತೀಯರನ್ನು ತಮ್ಮೊಳಗೆ ಸೇರಿಸಿಕೊಳ್ಳುತ್ತಿರಲಿಲ್ಲ. ಓದು, ಶೀಲ, ಭಕ್ತಿ ಎಲ್ಲವೂ ಇದ್ದರೂ ಮೈಬಣ್ಣವೊಂದು ಅಡ್ಡಗೋಡೆಯಾಗಿತ್ತು. ವಾಜ್ ಅವರ ಬದುಕಿನ ಮುಂದಿನ ಹಲವು ತಿರುವುಗಳ ಹಿಂದೆ ಈ ಗೋಡೆಯ ನೆರಳನ್ನು ಕಾಣಬಹುದು.

ಅದೇ ವೇಳೆಗೆ ಸಿಂಹಳದಿಂದ ಕೆಟ್ಟ ಸುದ್ದಿ ಬರುತ್ತಿತ್ತು. ಡಚ್ಚರು 1658ರ ವೇಳೆಗೆ ದ್ವೀಪದ ಕರಾವಳಿಯನ್ನು ಪೋರ್ಚುಗೀಸರಿಂದ ಕಿತ್ತುಕೊಂಡು ಕ್ಯಾಥೊಲಿಕ್ ಗುರುಗಳನ್ನು ಹೊರಹಾಕಿದ್ದರು. ಅಲ್ಲಿನ ಕ್ಯಾಥೊಲಿಕರಿಗೆ ಜ್ಞಾನಸ್ನಾನ ಕೊಡುವವರಿಲ್ಲ, ಸಾಯುವವರಿಗೆ ಕೊನೆಯ ಸಂಸ್ಕಾರ ನೀಡುವವರಿಲ್ಲ. ಅಲ್ಲಿಗೆ ಹೋಗಲು ವಾಜ್ ಅವರು ಮುಂದಾದರು. ಆದರೆ ಗೋವೆಯ ಧರ್ಮಪ್ರಾಂತ್ಯದ ಅಧಿಕಾರಿಗಳು ಅವರನ್ನು ಕಳುಹಿಸಿದ್ದು ಕೆನರಾಕ್ಕೆ, ಇಲ್ಲಿನ ಗುರುಗಳ ಮೇಲ್ವಿಚಾರಕರ ಹೊಣೆ ಹೊರಿಸಿ.

ಅಕ್ಕಿಯ ನಾಡು, ರಾಣಿಯ ಆಳ್ವಿಕೆ

ಅಂದಿನ ಕೆನರಾ ಎಂದರೆ ಕೆಳದಿ ನಾಯಕರ ಆಳ್ವಿಕೆಗೆ ಒಳಪಟ್ಟ ಕರಾವಳಿ. ಘಟ್ಟದ ಮೇಲಿನ ಬಿದನೂರು ರಾಜಧಾನಿ. ಸಿಂಹಾಸನದಲ್ಲಿದ್ದವಳು ಕೆಳದಿಯ ಚೆನ್ನಮ್ಮಾಜಿ. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೇನೆಯನ್ನು ಎದುರಿಸಿದ ರಾಣಿ ಎಂದು ಕನ್ನಡಿಗರೆಲ್ಲ ಬಲ್ಲ ಚೆನ್ನಮ್ಮಾಜಿ ಇವಳೇ. ಕರಾವಳಿಯ ಒಳನಾಡಿನಲ್ಲಿ ಹಳೆಯ ಜೈನ ಅರಸು ಮನೆತನಗಳು ಕೆಳದಿಗೆ ಕಪ್ಪ ಒಪ್ಪಿಸುತ್ತ ತಮ್ಮ ತಮ್ಮ ಸೀಮೆಗಳನ್ನು ಉಳಿಸಿಕೊಂಡಿದ್ದವು. ಮೂಡುಬಿದಿರೆಯಲ್ಲಿ ಚೌಟರು, ಬಂಟ್ವಾಳದ ನಂದಾವರದಲ್ಲಿ ಬಂಗರು, ಬೆಳ್ತಂಗಡಿ ಕಡೆಯ ವೇಣೂರಿನಲ್ಲಿ ಅಜಿಲರು. ವೇಣೂರಿನ ಗೊಮ್ಮಟ ಮೂರ್ತಿ ನಿಂತು (1604) ಆಗಿನ್ನೂ ನೂರು ವರ್ಷವೂ ಆಗಿರಲಿಲ್ಲ.

ಈ ನಾಡಿಗೂ ಗೋವೆಗೂ ಇದ್ದ ನಂಟು ಮುಖ್ಯವಾಗಿ ಅಕ್ಕಿಯದು. ಕೆನರಾದ ಅಕ್ಕಿ ಬಾರದಿದ್ದರೆ ಗೋವೆಯ ಒಲೆ ಉರಿಯುತ್ತಿರಲಿಲ್ಲ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಮಂಗಳೂರು, ಬಸ್ರೂರು, ಹೊನ್ನಾವರಗಳಲ್ಲಿ ಕೋಟೆ ಕಟ್ಟಿ ಈ ವ್ಯಾಪಾರವನ್ನು ಬಿಗಿಹಿಡಿದಿದ್ದರು. ಹದಿನೇಳನೆಯ ಶತಮಾನದ ನಡುವೆ ಶಿವಪ್ಪ ನಾಯಕ ಆ ಹಿಡಿತವನ್ನು ಮುರಿದ. ಆಮೇಲೆ 1671 ಮತ್ತು 1678ರಲ್ಲಿ ಆದ ಒಪ್ಪಂದಗಳ ಮೂಲಕ ಪೋರ್ಚುಗೀಸರಿಗೆ ಇಲ್ಲಿ ವ್ಯಾಪಾರಕ್ಕೂ ಚರ್ಚ್ ಕಟ್ಟಿಕೊಳ್ಳುವುದಕ್ಕೂ ಅನುಮತಿ ದೊರೆಯಿತು. ಆದರೆ ಒಡೆತನ ಮರಳಿ ಬರಲಿಲ್ಲ. ಇಲ್ಲಿ ಕ್ರೈಸ್ತ ಧರ್ಮಗುರು ಇರಬೇಕಾದದ್ದು ಕೆಳದಿಯ ಕೃಪೆಯಿಂದ, ಊರಿನವರ ಒಪ್ಪಿಗೆಯಿಂದ.

ಇಲ್ಲಿನ ಕ್ರೈಸ್ತರಲ್ಲಿ ಬಹುಪಾಲು ಗೋವೆಯಿಂದ ವಲಸೆ ಬಂದವರು. ಕ್ಷಾಮ, ಯುದ್ಧ, ತೆರಿಗೆ, 1560ರಲ್ಲಿ ಗೋವೆಯಲ್ಲಿ ಆರಂಭವಾದ ಧಾರ್ಮಿಕ ವಿಚಾರಣೆಯ ಭಯ ಇವೆಲ್ಲ ಅವರನ್ನು ದಕ್ಷಿಣಕ್ಕೆ ತಳ್ಳಿದ್ದವು. ಗದ್ದೆ ಬೇಸಾಯ ಬಲ್ಲ ಈ ಜನರಿಗೆ ಕೆನರಾದ ಅರಸರು ನೆಲ ಕೊಟ್ಟರು. ಅವರು ಕೊಂಕಣಿಯನ್ನು ಬಿಡದೆ ತುಳು ಕಲಿತರು. ಮದುವೆಯ ಮುನ್ನಾದಿನ ವಧೂವರರಿಗೆ ತೆಂಗಿನ ಹಾಲು ಹಚ್ಚುವ ರೋಸ್ ಶಾಸ್ತ್ರ, ಹೊಸ ಬೆಳೆಯ ತೆನೆಯನ್ನು ಮನೆ ತುಂಬಿಸಿಕೊಳ್ಳುವ ಸಂಭ್ರಮ, ಹಿರಿಯರ ಮುಂದೆ ಕೈಜೋಡಿಸಿ ಆಶೀರ್ವಾದ ಬೇಡುವ ರೂಢಿ ಈ ಸಮುದಾಯದಲ್ಲಿ ಇಂದಿಗೂ ಇವೆ. ಗೋವೆಯಲ್ಲಿ ಇಂಥ ಹಲವು ಪದ್ಧತಿಗಳನ್ನು 1736ರಲ್ಲಿ ವಿಚಾರಣಾ ಮಂಡಲಿ ಶಾಸನ ಹೊರಡಿಸಿ ನಿಷೇಧಿಸಿತು. ಕೆನರಾದಲ್ಲಿ ಅಂಥ ಶಾಸನವನ್ನು ಜಾರಿಗೊಳಿಸುವ ಕೈ ಇರಲಿಲ್ಲ.

ಇಬ್ಬರು ಯಜಮಾನರ ನಡುವೆ

ವಾಜ್ ಅವರಿಗೆ ಇಲ್ಲಿ ಎದುರಾದ ಕಷ್ಟ ಅನ್ಯಧರ್ಮೀಯರಿಂದ ಬಂದದ್ದಲ್ಲ, ಧರ್ಮಸಭೆಯ ಒಳಗಿನದು. ಪೂರ್ವದೇಶಗಳ ಬಿಷಪರನ್ನು ಸೂಚಿಸುವ ಹಾಗೂ ಚರ್ಚುಗಳನ್ನು ಪೋಷಿಸುವ ಹಕ್ಕನ್ನು ರೋಮಿನ ಜಗದ್ಗುರುಗಳು ಹಿಂದೆಯೇ ಪೋರ್ಚುಗಲ್ ದೊರೆಗೆ ಬಿಟ್ಟುಕೊಟ್ಟಿದ್ದರು. ಪದ್ರೊವಾದೊ ಎಂದು ಈ ಏರ್ಪಾಟಿನ ಹೆಸರು. ಪೋರ್ಚುಗೀಸರ ಬಲ ಕುಗ್ಗಿದಂತೆ ಆ ಹೊಣೆಯನ್ನು ಅವರಿಂದ ಪೂರೈಸಲಾಗಲಿಲ್ಲ. 1622ರಲ್ಲಿ ರೋಮ್ ಧರ್ಮಪ್ರಸಾರಕ್ಕಾಗಿ ಪ್ರೊಪಗಾಂಡ ಫೀದೆ ಎಂಬ ಪ್ರತ್ಯೇಕ ಮಂಡಲಿ ಸ್ಥಾಪಿಸಿ, ಪೋರ್ಚುಗೀಸರ ಹಿಡಿತವಿಲ್ಲದ ಸೀಮೆಗಳಿಗೆ ನೇರವಾಗಿ ತನ್ನ ಪ್ರತಿನಿಧಿಗಳನ್ನು ಕಳುಹಿಸತೊಡಗಿತು. ಗೋವಾ ಇದನ್ನು ಒಪ್ಪಲಿಲ್ಲ.

ಕೆನರಾಕ್ಕೆ ಹೀಗೆ 1670ರ ದಶಕದಲ್ಲಿ ರೋಮಿನಿಂದ ನೇಮಕಗೊಂಡವರು ಬಿಷಪ್ ಥಾಮಸ್ ದೆ ಕ್ಯಾಸ್ಟ್ರೊ. ಮಂಗಳೂರಿನ ಹಂಪನಕಟ್ಟೆಯ ಮಿಲಾಗ್ರಿಸ್ ಚರ್ಚ್ 1680ರಲ್ಲಿ ಆರಂಭವಾದದ್ದು ಇವರಿಂದಲೇ. ವಿಚಿತ್ರವೆಂದರೆ ಕ್ಯಾಸ್ಟ್ರೊ ಕೂಡ ವಾಜ್ ಅವರಂತೆಯೇ ಗೋವೆಯವರು, ದಿವಾಡಿ ದ್ವೀಪದ ಮಗ. ಮಾತೃಭಾಷೆ ಒಂದೇ ಆಗಿದ್ದ ಇಬ್ಬರು ಗೋವನ್ನರು ಎರಡು ಪರದೇಶಿ ಅಧಿಕಾರಗಳ ಪರವಾಗಿ ಎದುರುಬದುರು ನಿಲ್ಲಬೇಕಾಗಿ ಬಂದಿತ್ತು.

ದೂರದ ಲಿಸ್ಬನ್ ಮತ್ತು ರೋಮ್ ನಡುವಿನ ಈ ಕಾಗದದ ಜಗಳ ಇಲ್ಲಿನ ಗದ್ದೆಯಂಚಿನ ಮನೆಗಳಲ್ಲಿ ನಿಜವಾದ ಆತಂಕವನ್ನು ಹುಟ್ಟಿಸಿತು. ಒಂದು ಬಣದ ಗುರು ನಡೆಸಿದ ಮದುವೆ ಸಿಂಧುವಲ್ಲ ಎಂದು ಇನ್ನೊಂದು ಬಣ ಹೇಳುತ್ತಿತ್ತು. ಅವರ ಪಾಪನಿವೇದನೆಗೆ ಬೆಲೆಯಿಲ್ಲ ಎಂದು ಇವರು, ಇವರಿಗೆ ಬಹಿಷ್ಕಾರ ಎಂದು ಅವರು. ಮಗುವಿಗೆ ಜ್ಞಾನಸ್ನಾನ ಮಾಡಿಸಲು ಯಾರ ಬಳಿ ಹೋಗಬೇಕು, ಸತ್ತವರನ್ನು ಯಾವ ಚರ್ಚಿನ ಅಂಗಳದಲ್ಲಿ ಮಣ್ಣು ಮಾಡಬೇಕು ಎಂದು ತಿಳಿಯದೆ ಜನ ಕಂಗಾಲಾದರು. ಪರಲೋಕದ ಭಯವನ್ನು ಗಾಢವಾಗಿ ನಂಬಿದ್ದ ಕಾಲದಲ್ಲಿ ಇದು ಸಣ್ಣ ಸಂಗತಿಯಾಗಿರಲಿಲ್ಲ.

ವಾಜ್ ಅವರು ಗೋವೆಯ ಪರವಾಗಿ ಬಂದವರು. ಆದರೂ ಅವರು ಕ್ಯಾಸ್ಟ್ರೊ ಅವರನ್ನು ಎದುರಾಳಿಯೆಂದು ಬಗೆಯಲಿಲ್ಲ. ಸ್ವತಃ ಹೋಗಿ ಕಂಡರು, ಬಿಷಪರಿಗೆ ಸಲ್ಲಬೇಕಾದ ಗೌರವ ಸಲ್ಲಿಸಿದರು. ರೋಮಿನಿಂದ ಸ್ಪಷ್ಟ ತೀರ್ಮಾನ ಬರುವವರೆಗೆ ಜನರ ಸಂಸ್ಕಾರಗಳಿಗೆ ತೊಡಕಾಗದಂಥ ಹೊಂದಾಣಿಕೆಗಾಗಿ ಶ್ರಮಿಸಿದರು. ಗೋವೆಯಲ್ಲಿ ಇದನ್ನು ಮೆಚ್ಚದವರಿದ್ದರು. ತನ್ನ ಮೇಲಿನವರಿಗೆ ವಿಧೇಯನಾಗಿದ್ದುಕೊಂಡೇ ಎದುರಿನ ಪಕ್ಷದ ಮಾತನ್ನೂ ಆಲಿಸುವ ಕಷ್ಟದ ದಾರಿಯನ್ನು ಮೂವತ್ತರ ಪ್ರಾಯದ ಈ ಗುರು ಆರಿಸಿಕೊಂಡರು. ಜಗಳ ತೀರಲಿಲ್ಲ, ಆದರೆ ಜನರ ನಡುವಿನ ಕಾವು ತಗ್ಗಿತು.

ನಡೆದು ನೋಡಿದ ಕರಾವಳಿ

ಹೊನ್ನಾವರ, ಗಂಗೊಳ್ಳಿ, ಬಸ್ರೂರು, ಕುಂದಾಪುರ, ಕಲ್ಯಾಣಪುರ, ಮಂಗಳೂರು. ವಾಜ್ ಅವರ ಸೇವಾಕ್ಷೇತ್ರದ ಈ ಊರುಗಳ ನಡುವಿನ ಹಾದಿಯನ್ನು ಇಂದು ಹೆದ್ದಾರಿಯ ಬಸ್ಸು ಕೆಲವೇ ಗಂಟೆಗಳಲ್ಲಿ ಕ್ರಮಿಸುತ್ತದೆ. ಅಂದು ಶರಾವತಿಯಿಂದ ನೇತ್ರಾವತಿಯವರೆಗೆ ಪ್ರತಿಯೊಂದು ಹೊಳೆಯನ್ನೂ ದೋಣಿಯಲ್ಲಿ ದಾಟಬೇಕಿತ್ತು. ಮಳೆಗಾಲದಲ್ಲಿ ಹೊಳೆಗಳು ಉಕ್ಕಿದರೆ ದಿನಗಟ್ಟಲೆ ದಡದಲ್ಲೇ ಕಾಯಬೇಕು. ಶ್ರೀಮಂತರಿಗೆ ಪಲ್ಲಕ್ಕಿಯಿತ್ತು. ವಾಜ್ ಅವರು ನಡೆದರು.

ನಡೆಯುವ ಗುರು ದಾರಿಯಲ್ಲಿ ಸಿಕ್ಕವರ ಮನೆಯಲ್ಲೇ ತಂಗಬೇಕಾಗುತ್ತದೆ. ಅವರು ಕೊಟ್ಟ ಗಂಜಿಯನ್ನೇ ಉಣ್ಣಬೇಕು, ಅವರು ಹಾಸಿದ ಚಾಪೆಯ ಮೇಲೆಯೇ ಮಲಗಬೇಕು. ಪಲ್ಲಕ್ಕಿಯಲ್ಲಿ ಬರುವ ಗುರುವಿಗೆ ಕಾಣದ ಸಂಗತಿಗಳು ಹೀಗೆ ಬರುವವನಿಗೆ ಕಾಣುತ್ತವೆ. ಯಾವ ಮನೆಯಲ್ಲಿ ಸಾಲದ ಹೊರೆಯಿದೆ, ಯಾವ ಮುದುಕಿ ಪ್ರಾರ್ಥನೆ ಮರೆತಿದ್ದಾಳೆ, ಯಾವ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ ಎಂಬುದೆಲ್ಲ ಜಗಲಿಯಲ್ಲಿ ಕೂತವನಿಗಷ್ಟೇ ತಿಳಿಯುವಂಥದ್ದು. ಕೊಂಕಣಿ ಅವರ ತಾಯಿನುಡಿಯಾಗಿದ್ದುದರಿಂದ ನಡುವೆ ದುಭಾಷಿ ಬೇಕಾಗಲಿಲ್ಲ.

ಗುರುಗಳ ಸಂಖ್ಯೆ ತೀರ ಕಡಿಮೆಯಿತ್ತು. ಒಂದೂರಿಗೆ ಗುರು ಮತ್ತೆ ಬರುವುದು ಯಾವಾಗ ಎಂಬ ಖಾತರಿಯಿರಲಿಲ್ಲ. ಆದ್ದರಿಂದ ಗುರು ಇಲ್ಲದಾಗಲೂ ಧಾರ್ಮಿಕ ಬದುಕು ನಿಲ್ಲದಂತೆ ನೋಡಿಕೊಳ್ಳುವುದು ಅವರ ಮುಖ್ಯ ಕೆಲಸವಾಯಿತು. ಸಣ್ಣ ಶಾಲೆಗಳನ್ನು ತೆರೆದರು. ಊರಿನವರೇ ಸೇರಿ ನಡೆಸುವ ಭಕ್ತಸಂಘಗಳನ್ನು ಕಟ್ಟಿದರು. ಜಪಮಾಲೆಯ ಪ್ರಾರ್ಥನೆಯನ್ನು ಮನೆಮನೆಗೆ ಹಬ್ಬಿಸಿದರು. ಸಂಜೆ ದೀಪ ಹಚ್ಚಿದ ಮೇಲೆ ಮನೆಮಂದಿಯೆಲ್ಲ ಕೂತು ತೆರ್ಸ್ ಹೇಳಿ, ಮುಗಿದೊಡನೆ ಕಿರಿಯರು ಹಿರಿಯರಿಂದ ಬೆಸಾಂವ್ ಪಡೆಯುವ ರೂಢಿ ಕರಾವಳಿಯ ಕ್ಯಾಥೊಲಿಕ್ ಮನೆಗಳ ಗುರುತಾಗಿ ಬೆಳೆದುಬಂದಿದೆ. ಇದಕ್ಕೆ ಗುರುವೂ ಬೇಡ, ಚರ್ಚೂ ಬೇಡ. ಮನೆಯೇ ಸಾಕು.

ಮುಡಿಪು ಗುಡ್ಡದ ಐತಿಹ್ಯ

ವಾಜ್ ಅವರ ನೆನಪು ಈ ಭಾಗದಲ್ಲಿ ಹೆಚ್ಚು ಗಾಢವಾಗಿ ಉಳಿದಿರುವುದು ಮುಡಿಪುವಿನಲ್ಲಿ. ಮೊದಲು ಬಂಟ್ವಾಳ ತಾಲೂಕಿನಲ್ಲಿದ್ದು ಈಗ ಉಳ್ಳಾಲ ತಾಲೂಕಿಗೆ ಸೇರಿರುವ ಈ ಊರಿನ ಗುಡ್ಡದ ಮೇಲೆ ಅವರ ಹೆಸರಿನ ಪುಣ್ಯಕ್ಷೇತ್ರವಿದೆ. ಅಲ್ಲಿನ ಐತಿಹ್ಯ ಹೀಗಿದೆ. ವಾಜ್ ಅವರನ್ನು ಕಂಡರಾಗದ ಕೆಲವರು, ಸಾಯುವ ಸ್ಥಿತಿಯಲ್ಲಿರುವ ರೋಗಿಯೊಬ್ಬನಿಗೆ ಕೊನೆಯ ಸಂಸ್ಕಾರ ಬೇಕೆಂದು ಸುಳ್ಳು ಹೇಳಿ ರಾತ್ರಿ ಅವರನ್ನು ಗುಡ್ಡಕ್ಕೆ ಕರೆದೊಯ್ದರು. ಕೊಲ್ಲುವುದು ಅವರ ಹಂಚಿಕೆಯಾಗಿತ್ತು. ವಿಷಯ ಅರಿತ ಗುರುಗಳು ಬಂಡೆಯ ಮೇಲೆ ಮೊಣಕಾಲೂರಿ ಪ್ರಾರ್ಥಿಸತೊಡಗಿದರು. ಕತ್ತಲಲ್ಲಿ ಬೆಳಕು ಮೂಡಿತು. ಊರುಗೋಲು ತಾಕಿದ ಕಡೆ ನೀರು ಚಿಮ್ಮಿತು. ಬಂದವರು ಹೆದರಿ ಓಡಿದರು. ಬಂಡೆಯ ಮೇಲೆ ಮೊಣಕಾಲಿನ ಗುರುತು ಉಳಿಯಿತು.

ಚರಿತ್ರೆಯ ದೃಷ್ಟಿಯಿಂದ ಇದನ್ನು ಐತಿಹ್ಯವೆಂದೇ ತಿಳಿಯಬೇಕು. ಆದರೂ ಐತಿಹ್ಯ ಹೇಳುವ ಸತ್ಯವೊಂದಿದೆ. ಸಾಯುವವನೊಬ್ಬನಿದ್ದಾನೆ ಎಂದರೆ ಈ ಗುರು ಯಾವ ಹೊತ್ತಿನಲ್ಲಿಯೂ, ಯಾರು ಕರೆದರೂ ಹೊರಡುತ್ತಾರೆ ಎಂಬ ನಂಬಿಕೆ ಜನರಲ್ಲಿತ್ತು. ಅವರನ್ನು ಕೊಲ್ಲಬೇಕೆಂದವರಿಗೂ ಅದು ಗೊತ್ತಿತ್ತು ಎಂದೇ ಕಥೆ ಹೇಳುತ್ತದೆ. ಬಣ ಜಗಳದ ಆ ದಿನಗಳಲ್ಲಿ ಸಂಧಾನಕಾರನಿಗೆ ಎರಡೂ ಕಡೆ ಹಗೆಗಳಿದ್ದರು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಗುಡ್ಡದ ಒರತೆಯ ನೀರಿಗೆ ರೋಗ ಗುಣಪಡಿಸುವ ಶಕ್ತಿಯಿದೆ ಎಂಬ ನಂಬಿಕೆ ಬೆಳೆದಿದ್ದು, ಕ್ರೈಸ್ತರಷ್ಟೇ ಅಲ್ಲದೆ ಇತರ ಧರ್ಮೀಯರೂ ಇಲ್ಲಿಗೆ ಬರುತ್ತಾರೆ.

ಗೋವೆಯ ಮಠ, ಮತ್ತೆ ಹಾದಿ

1684ರಲ್ಲಿ ವಾಜ್ ಅವರು ಗೋವೆಗೆ ಮರಳಿದರು. ಅದೇ ವರ್ಷ ಬಿಷಪ್ ಕ್ಯಾಸ್ಟ್ರೊ ತೀರಿಕೊಂಡರು. ಹಳೆ ಗೋವೆಯ ಬೊವಾ ವಿಸ್ತಾ ಗುಡ್ಡದ ಮೇಲೆ ಪವಾಡದ ಶಿಲುಬೆಯ ಚರ್ಚಿನಲ್ಲಿ ಕೆಲವು ಸ್ಥಳೀಯ ಗುರುಗಳು ಒಟ್ಟಾಗಿ ಸಂನ್ಯಾಸಿ ಜೀವನ ನಡೆಸಲು ತೊಡಗಿದ್ದರು. ಯುರೋಪಿನ ಸಂಘಗಳ ಬಾಗಿಲು ಮುಚ್ಚಿದ್ದುದರಿಂದ ತಮ್ಮದೇ ಬಾಗಿಲು ತೆರೆದವರು ಇವರು. 1685ರಲ್ಲಿ ವಾಜ್ ಅವರು ಈ ಕೂಟವನ್ನು ಸೇರಿದರು. ಕೂಟದವರು ಅವರನ್ನೇ ಮುಖ್ಯಸ್ಥರನ್ನಾಗಿ ಆರಿಸಿದರು. ಸಂತ ಫಿಲಿಪ್ ನೇರಿ ಅವರ ಒರೆಟರಿ ಪದ್ಧತಿಗೆ ಅನುಗುಣವಾಗಿ ಅವರು ಅದಕ್ಕೆ ನಿಯಮಗಳನ್ನು ರೂಪಿಸಿದರು. ಭಾರತೀಯರೇ ಸೇರಿ ಕಟ್ಟಿ ನಡೆಸಿದ ಈ ಮಠ ಮುಂದೆ ಒಂದೂವರೆ ಶತಮಾನದ ಕಾಲ ಸಿಂಹಳಕ್ಕೆ ಗುರುಗಳನ್ನು ಕಳುಹಿಸುತ್ತ ಬಂತು.

ಆದರೆ ಮಠದ ಮುಖ್ಯಸ್ಥನ ಪೀಠ ಅವರನ್ನು ಹಿಡಿದಿಡಲಿಲ್ಲ. 1686ರಲ್ಲಿ ಹೊಣೆಯನ್ನು ಇನ್ನೊಬ್ಬರಿಗೆ ಒಪ್ಪಿಸಿ ದಕ್ಷಿಣಕ್ಕೆ ಹೊರಟರು. ದಾರಿ ಮತ್ತೆ ಕೆನರಾದ ಮೂಲಕವೇ ಸಾಗಿತು. ಹಳೆಯ ಪರಿಚಿತರನ್ನು ಕಂಡು, ಅಗತ್ಯವಿದ್ದವರಿಗೆ ಸಂಸ್ಕಾರಗಳನ್ನು ನೀಡುತ್ತ ಅವರು ಮಲಬಾರ್ ದಾಟಿ ತೂತುಕುಡಿ ಸೇರಿದರು. ಅವರು ಕನ್ನಡ ಕರಾವಳಿಯನ್ನು ಮತ್ತೆ ನೋಡಲಿಲ್ಲ.

ಕೂಲಿಯಾಳಿನ ವೇಷ

ಡಚ್ಚರ ಆಳ್ವಿಕೆಯ ಯಾಳ್ಪಾಣಕ್ಕೆ ಕ್ಯಾಥೊಲಿಕ್ ಗುರು ಬಹಿರಂಗವಾಗಿ ಕಾಲಿಡುವಂತಿರಲಿಲ್ಲ. 1687ರಲ್ಲಿ ವಾಜ್ ಅವರು ಗುರುವಸ್ತ್ರ ಕಳಚಿ ಕೂಲಿಯಾಳಿನಂತೆ ಬಟ್ಟೆ ಉಟ್ಟು, ಜಾನ್ ಎಂಬ ನಂಬಿಗಸ್ತ ಸಹಾಯಕನೊಡನೆ ಕಡಲು ದಾಟಿದರು. ಪ್ರಯಾಣದ ಬವಣೆಯಲ್ಲಿ ಆಮಶಂಕೆ ತಗಲಿ ಸಾವಿನಂಚಿಗೆ ಹೋದರು. ಅಪರಿಚಿತರು ಕೊಟ್ಟ ಗಂಜಿಯಿಂದ ಬದುಕುಳಿದರು.

ಚೇತರಿಸಿಕೊಂಡ ಮೇಲೆ ಕೊರಳಲ್ಲಿ ಜಪಮಾಲೆ ಧರಿಸಿ ಮನೆಮನೆಗೆ ಭಿಕ್ಷೆಗೆ ಹೊರಟರು. ಭಿಕ್ಷೆ ಒಂದು ನೆಪ ಮಾತ್ರ. ಜಪಮಾಲೆ ಕಂಡು ಯಾರ ಮುಖ ಅರಳುತ್ತದೆ ಎಂದು ಗಮನಿಸುವುದು ಉದ್ದೇಶ. ಮೂವತ್ತು ವರ್ಷ ಗುರುವಿಲ್ಲದೆ ಗುಟ್ಟಾಗಿ ನಂಬಿಕೆ ಉಳಿಸಿಕೊಂಡಿದ್ದ ಮನೆಗಳು ಹೀಗೆ ಒಂದೊಂದಾಗಿ ಪತ್ತೆಯಾದವು. ರಾತ್ರಿಯ ಹೊತ್ತು ಬಾಗಿಲು ಮುಚ್ಚಿ ಬಲಿಪೂಜೆ ನಡೆಯುತ್ತಿತ್ತು. ತಮಿಳು ಕಲಿತರು, ಸಿಲ್ಲಾಲೈ ಎಂಬ ಹಳ್ಳಿಯನ್ನು ನೆಲೆ ಮಾಡಿಕೊಂಡರು. ಡಚ್ಚರಿಗೆ ಸುಳಿವು ಸಿಕ್ಕಿ ಶೋಧ ಬಿಗಿಯಾದಾಗ ಪುತ್ತಳಂ ಕಡೆಗೆ ಸರಿದು, ಅಲ್ಲಿಂದ 1692ರಲ್ಲಿ ಒಳನಾಡಿನ ಸ್ವತಂತ್ರ ರಾಜ್ಯವಾದ ಕ್ಯಾಂಡಿಯತ್ತ ನಡೆದರು.

ಅಲ್ಲಿ ಕಾದಿದ್ದದ್ದು ಸೆರೆಮನೆ. ಪೋರ್ಚುಗೀಸರ ಗೂಢಚಾರ ಎಂದು ಅವರ ಮೇಲೆ ಯಾರೋ ದೂರು ಕೊಟ್ಟಿದ್ದರು. ವ್ಯಂಗ್ಯವೆಂದರೆ ಪೋರ್ಚುಗೀಸರ ಧರ್ಮವ್ಯವಸ್ಥೆಯಲ್ಲಿ ಎರಡನೆಯ ದರ್ಜೆಯವನಾಗಿದ್ದ ಗೋವನ್ನನ ಮೇಲೆ ಬಂದ ಆಪಾದನೆ ಅದು. ವಾಜ್ ಅವರು ಸೆರೆಯ ದಿನಗಳನ್ನು ಸಿಂಹಳ ಭಾಷೆ ಕಲಿಯಲು ಬಳಸಿಕೊಂಡರು. ಕಾವಲು ಕ್ರಮೇಣ ಸಡಿಲವಾಗಲು ಅಲ್ಲೇ ಒಂದು ಗುಡಿಸಲು ಹಾಕಿ ಪ್ರಾರ್ಥನಾಲಯ ಮಾಡಿಕೊಂಡರು.

1690ರ ದಶಕದಲ್ಲಿ ಕ್ಯಾಂಡಿಗೆ ಬರ ಬಂತು. ಮಳೆಗಾಗಿ ನಡೆದ ಪ್ರಾರ್ಥನೆಗಳೆಲ್ಲ ಮುಗಿದ ಮೇಲೆ ದೊರೆ ಎರಡನೆಯ ವಿಮಲಧರ್ಮಸೂರ್ಯ ಈ ಕ್ರೈಸ್ತ ಗುರುವಿಗೂ ಪ್ರಾರ್ಥಿಸಲು ಹೇಳಿ ಕಳುಹಿಸಿದನೆಂದೂ, ಬಯಲಿನಲ್ಲಿ ಪೀಠವಿಟ್ಟು ವಾಜ್ ಅವರು ಪ್ರಾರ್ಥಿಸಿದಾಗ ಮಳೆ ಸುರಿಯಿತೆಂದೂ ಅವರ ಚರಿತ್ರೆ ಹೇಳುತ್ತದೆ. ಬೌದ್ಧ ದೊರೆಯ ರಕ್ಷಣೆ ಅವರಿಗೆ ದೊರೆಯಿತು. ಕೆಳದಿಯ ರಾಣಿಯ ಸೀಮೆಯಲ್ಲಿ ಬಾಳಿದ್ದವರಿಗೆ ಅನ್ಯಧರ್ಮದ ದೊರೆಯ ನೆರಳಿನಲ್ಲಿ ನಡೆದುಕೊಳ್ಳುವ ರೀತಿ ಹೊಸದಾಗಿರಲಿಲ್ಲ.

ಸಿಡುಬಿನ ವರ್ಷ

1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿತು. ದೊರೆ, ಸಿರಿವಂತರು ಊರು ಬಿಟ್ಟರು. ರೋಗಿಗಳನ್ನು ಕಾಡಿಗೆ ಒಯ್ದು ಬಿಡುವುದು ಅಂದಿನ ರೂಢಿಯಾಗಿತ್ತು. ವಾಜ್ ಅವರು ಸೋದರಳಿಯ ಜೋಸೆಫ್ ಕಾರ್ವಾಲೊ ಎಂಬ ಗುರುವಿನೊಡನೆ ಊರಲ್ಲೇ ಉಳಿದರು. ರೋಗಿಗಳಿಗೆ ಗುಡಿಸಲು ಕಟ್ಟಿದರು, ಗಂಜಿ ಬೇಯಿಸಿ ಉಣಿಸಿದರು, ಹುಣ್ಣು ತೊಳೆದರು, ಸತ್ತವರನ್ನು ಹೂಳಿದರು. ರೋಗಿ ಬೌದ್ಧನೋ ಕ್ರೈಸ್ತನೋ ಎಂದು ಕೇಳಲಿಲ್ಲ. ಮಳೆಯ ಪವಾಡವನ್ನು ನಂಬದವರೂ ಈ ಸೇವೆಯನ್ನು ಕಣ್ಣಾರೆ ಕಂಡರು. ಅವರ ಬದುಕಿನ ದೊಡ್ಡ ಸಾಕ್ಷ್ಯ ಯಾವುದೆಂದು ಕೇಳಿದರೆ ಈ ವರ್ಷದ ಕಡೆ ಬೆರಳು ತೋರಬೇಕು.

ಗೋವೆಯ ಮಠದಿಂದ ಒಬ್ಬೊಬ್ಬರಾಗಿ ಸಂಗಡಿಗರು ಬಂದರು. 1705ರಲ್ಲಿ ಬಂದ ಜಾಕೊಮೆ ಗೊನ್ಸಾಲ್ವೆಸ್ ಸಿಂಹಳ ಹಾಗೂ ತಮಿಳಿನಲ್ಲಿ ಗ್ರಂಥಗಳನ್ನು ರಚಿಸಿ ಆ ಭಾಷೆಗಳ ಕ್ರೈಸ್ತ ಸಾಹಿತ್ಯಕ್ಕೆ ಬುನಾದಿ ಹಾಕಿದರು. ಜನರ ಭಾಷೆಯಲ್ಲೇ ಪ್ರಾರ್ಥನೆ, ಜನರಿಂದಲೇ ನಡೆಯುವ ಸಂಘ, ಮನೆಯೇ ದೇವಾಲಯ ಎಂಬ ಕೆನರಾದ ಅನುಭವ ಅಲ್ಲಿ ದೊಡ್ಡ ಪ್ರಮಾಣದಲ್ಲಿ ಮರುಹುಟ್ಟು ಪಡೆಯಿತು. ಬಿಷಪ್ ಪದವಿಯ ಪ್ರಸ್ತಾಪ ಬಂದಾಗ ವಾಜ್ ಅವರು ಒಪ್ಪಲಿಲ್ಲ. ನಡೆದು ನಡೆದು ಸವೆದಿದ್ದ ದೇಹ 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ನೆಲಕ್ಕೆ ಸಂದಿತು. ಅವರಿಗಾಗ 59 ವರ್ಷ.

ಕೆನರಾದಲ್ಲಿ ಆಮೇಲೆ

ವಾಜ್ ಅವರು ಬಿಟ್ಟುಹೋದ ಕರಾವಳಿಯಲ್ಲಿ ಕ್ರೈಸ್ತ ಸಮುದಾಯ ಒಳನಾಡಿನತ್ತ ಬೆಳೆಯಿತು. ಬಂಟ್ವಾಳದ ಅಗ್ರಾರ್ ಚರ್ಚಿನ ಆರಂಭ 1702ರಷ್ಟು ಹಿಂದಿನದು. ಬಂಟ್ವಾಳ ತಾಲೂಕಿನದೇ ಆದ ಫರಂಗಿಪೇಟೆಯ ಮೊಂತೆ ಮರಿಯಾನೊದಲ್ಲಿ 1763ರಲ್ಲಿ ಫಾದರ್ ಜೋಕಿಂ ಮಿರಾಂದ ಅವರು ಆರಂಭಿಸಿದರೆನ್ನಲಾದ ಮೊಂತಿ ಫೆಸ್ತ್ ಇಂದು ಕರಾವಳಿಯ ಕ್ಯಾಥೊಲಿಕರ ಮನೆಹಬ್ಬ. ಸೆಪ್ಟೆಂಬರ್ 8ರಂದು ಮಾತೆ ಮರಿಯಮ್ಮನ ಜನ್ಮದಿನಕ್ಕೆ ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ, ಅದರ ಅಕ್ಕಿಯನ್ನು ಹಾಲಿಗೋ ಪಾಯಸಕ್ಕೋ ಬೆರೆಸಿ, ಅಂದು ಸಸ್ಯಾಹಾರದ ಊಟ ಮಾಡುತ್ತಾರೆ. ತುಳುವರ ತೆನೆ ಹಬ್ಬದ ನೆರೆಯಲ್ಲೇ ಬೆಳೆದ ಹಬ್ಬವಿದು.

1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ಯಾಥೊಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದಾಗ ಚರ್ಚುಗಳನ್ನು ಕೆಡವಲಾಯಿತು. ಆಗ ಮೂಡುಬಿದಿರೆ ಸಮೀಪದ ಹೊಸಪೇಟೆಯ ಪವಿತ್ರ ಶಿಲುಬೆಯ ಚರ್ಚ್ ಚೌಟ ಅರಸರ ನೆರವಿನಿಂದ ಉಳಿಯಿತು ಎಂದು ಸಮುದಾಯದ ಚರಿತ್ರೆ ದಾಖಲಿಸಿದೆ. ನೆರೆಯ ಜೈನ ಅರಸನ ಸದ್ಭಾವವೇ ಚರ್ಚಿನ ಗೋಡೆಯನ್ನು ಕಾದ ಪ್ರಸಂಗವಿದು. 1799ರಲ್ಲಿ ಟಿಪ್ಪು ಮಡಿದ ಮೇಲೆ ಸೆರೆಯಿಂದ ಬದುಕಿ ಬಂದವರು ಸುಟ್ಟ ಮನೆಗಳ ಜಾಗದಲ್ಲಿ ಮತ್ತೆ ಒಲೆ ಹೂಡಿದರು. ಗುರುಗಳಿಲ್ಲದ ಆ 15 ವರ್ಷಗಳಲ್ಲಿ ಅವರ ಕೈಯಲ್ಲಿ ಉಳಿದಿದ್ದದ್ದು ಮನೆಯ ಪ್ರಾರ್ಥನೆ ಮಾತ್ರ.

ಬಣಗಳ ಜಗಳ ಮಾತ್ರ ವಾಜ್ ಅವರ ಆಯುಷ್ಯವನ್ನು ಮೀರಿ ಬೆಳೆಯಿತು. ಗೋವಾ ಮತ್ತು ರೋಮ್ ನಡುವಿನ ತಿಕ್ಕಾಟ ಹತ್ತೊಂಬತ್ತನೆಯ ಶತಮಾನದಲ್ಲಿಯೂ ಮಂಗಳೂರಿನ ಕ್ಯಾಥೊಲಿಕರನ್ನು ಕಾಡಿತು. 1886ರಲ್ಲಿ ರೋಮ್ ಮತ್ತು ಪೋರ್ಚುಗಲ್ ನಡುವೆ ಒಪ್ಪಂದವಾಗಿ, ಅದೇ ವರ್ಷ ಮಂಗಳೂರು ಸ್ವತಂತ್ರ ಧರ್ಮಪ್ರಾಂತ್ಯವಾದ ಮೇಲೆಯೇ ಅದು ಬಹುಮಟ್ಟಿಗೆ ಶಮನವಾಯಿತು. 1681ರಲ್ಲಿ ಯುವ ಗುರುವೊಬ್ಬರು ಮಾತುಕತೆಯಿಂದ ಸಾಧಿಸಲು ಯತ್ನಿಸಿದ್ದನ್ನು ಎರಡು ಗದ್ದುಗೆಗಳು ಒಪ್ಪಿಕೊಳ್ಳಲು ಇನ್ನೂರು ವರ್ಷ ಹಿಡಿಯಿತು.

ವಾಜ್ ಅವರ ಮೊದಲ ದೊಡ್ಡ ಜೀವನಚರಿತ್ರೆಯನ್ನು ಅವರ ಮಠದವರೇ ಆದ ಸೆಬಾಸ್ತಿಯಾಂವ್ ದೊ ರೇಗೊ ಪೋರ್ಚುಗೀಸ್ ಭಾಷೆಯಲ್ಲಿ ಬರೆದರು. ಅದು 1745ರಲ್ಲಿ ಮುದ್ರಣಗೊಂಡಿತು. ಸಂತ ಪದವಿಯ ದಾರಿಯಂತೂ ದೀರ್ಘವಾಗಿತ್ತು. 1995ರ ಜನವರಿ 21ರಂದು ಪೋಪ್ ಎರಡನೆಯ ಜಾನ್ ಪೌಲ್ ಅವರು ಕೊಲಂಬೊದಲ್ಲಿ ಅವರನ್ನು ಪುನೀತರ ಸಾಲಿಗೆ ಸೇರಿಸಿದರು. ಅದಾಗಿ 20 ವರ್ಷಗಳ ಬಳಿಕ ಸಂತ ಪದವಿ ಬಂತು. ಜನವರಿ 16 ಅವರ ಹಬ್ಬದ ದಿನ.

ಕ್ಯಾಂಡಿಯಲ್ಲಿ ಅವರ ಸಮಾಧಿ ಯಾವುದೆಂದು ಇಂದು ಗುರುತಿಲ್ಲ. ಅಲ್ಲಿನ ಚರ್ಚ್ ಕಾಲಾಂತರದಲ್ಲಿ ಅಳಿಯಿತು, ಮಣ್ಣು ಅವರನ್ನು ತನ್ನಲ್ಲೇ ಇರಿಸಿಕೊಂಡಿತು. ಕೋಟೆ ಕಟ್ಟಿದ ಪೋರ್ಚುಗೀಸರು ಕೆನರಾದಿಂದ ಹೋದರು, ನಿಷೇಧ ಹೇರಿದ ಡಚ್ಚರು ಸಿಂಹಳದಿಂದ ಹೋದರು. ಕರಾವಳಿಯ ಸಾವಿರಾರು ಮನೆಗಳಲ್ಲಿ ಸಂಜೆಯ ತೆರ್ಸ್ ಮಾತ್ರ ನಿಂತಿಲ್ಲ.